ಬಾಡಿಗೆ ಪಾವತಿ, ಲಾವಣಿ ಚೀಟಿ

ಕಳೆದ ತಿಂಗಳು ಒಬ್ಬ ತರುಣ ನಮ್ಮ ಮನೆಗೆ ಬಂದಿದ್ದ. ಬೆಳಗಾವಿಯ ಟಿಳಕವಾಡಿಯಲ್ಲಿ ಎರಡು ಕೋಣೆಯ ಮನೆಯೊಂದನ್ನು ಅವನು ಬಾಡಿಗೆಗೆ ಹಿಡಿಯುವವನಿದ್ದ. ಮಾಲಕರು ಕೊಟ್ಟ ಕರಾರುಪತ್ರವನ್ನು ನನಗೊಮ್ಮೆ ತೋರಿಸಿ, ಆಮೇಲೆ ಸಹಿ ಹಾಕಬೇಕೆಂಬುದು ಅವನ ವಿಚಾರ. ನಾನು ವಕೀಲನಲ್ಲ. ವಕೀಲರೊಬ್ಬರ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನನಾಗಿದ್ದವನು. ಸ್ಟಾಂಪು ಕಾಗದ ಕಂಡರೆ ಕನ್ನಡಕ ಹುಡುಕುವ ಚಟ ಅಲ್ಲಿಂದ ಅಂಟಿದ್ದು. ಈ ಹುಡುಗನ ಅಜ್ಜ ಖಾನಾಪುರ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ, ನಮ್ಮ ನಾಲ್ಕು ಎಕರೆ ಭತ್ತದ ಗದ್ದೆಯನ್ನು ಲಾವಣಿಗೆ ಮಾಡುತ್ತಿದ್ದರು. ಆ ಗದ್ದೆ ಈಗ ಅವರ ಮನೆತನದ್ದೇ. ಅದು ಹೇಗೆ ಅವರದಾಯಿತೆಂಬುದನ್ನು ಮುಂದೆ ಹೇಳುವೆ. ಎರಡು ಮನೆತನಗಳ ನಡುವಿನ ಹೋಗುಬರು ಮಾತ್ರ ನಿಂತಿಲ್ಲ.

"ಎಲ್ಲಾ ಸರಿ ಐತ್ರಿ ಕಾಕಾ, ಆದ್ರ ಹನ್ನೊಂದ ತಿಂಗಳಂತ ಯಾಕ ಬರದಾರ? ವರ್ಷಕ್ಕ ಹನ್ನೆರಡ ತಿಂಗಳಲ್ಲೇನ್ರಿ?" ಎಂದು ಅವನು ಕೇಳಿದ.

ಬಾಡಿಗೆ ಮನೆಯಲ್ಲಿದ್ದವರಿಗೆಲ್ಲ ಒಮ್ಮೆಯಾದರೂ ಬಂದಿರಬಹುದಾದ ಪ್ರಶ್ನೆ ಇದು. ಇದರ ಉತ್ತರ 1882ರ ಆಸ್ತಿ ವರ್ಗಾವಣೆ ಕಾಯಿದೆಯ 107ನೆಯ ಕಲಮಿನಲ್ಲಿದೆ. ವರ್ಷದಿಂದ ವರ್ಷಕ್ಕೆ ನಡೆಯುವ, ಇಲ್ಲವೆ ಒಂದು ವರ್ಷವನ್ನು ಮೀರುವ, ಇಲ್ಲವೆ ಬಾಡಿಗೆಯನ್ನು ವರ್ಷದ ಲೆಕ್ಕದಿಂದ ಗೊತ್ತುಮಾಡುವ ಕರಾರನ್ನು ರಿಜಿಸ್ಟರು ಮಾಡಿದ ಪತ್ರದಿಂದಲೇ ಮಾಡಬೇಕು. ಮಿಕ್ಕವಕ್ಕೆ ಬಾಯಿಮಾತು ಆಡಿ ಬೀಗದ ಕೈ ಒಪ್ಪಿಸಿದರೂ ನಡೆಯುತ್ತದೆ. 1908ರ ನೋಂದಣಿ ಕಾಯಿದೆಯ 17ನೆಯ ಕಲಮು ಹೇಳುವುದೂ ಇದನ್ನೇ. ಸರಿಯಾಗಿ ಹನ್ನೆರಡು ತಿಂಗಳಿಗೆ ಬರೆದರೂ ಅದು ವರ್ಷವನ್ನು ಮೀರಿದಂತಾಗುವುದಿಲ್ಲ. ಆದರೆ ತಾರೀಖಿನ ಎಣಿಕೆಯಲ್ಲಿ ಒಂದು ದಿನ ಹೆಚ್ಚಾದರೂ ಪತ್ರ ಬಿದ್ದುಹೋದೀತೆಂಬ ಅಂಜಿಕೆಯಿಂದ ಹಳೆಯ ವಕೀಲರು ಒಂದು ತಿಂಗಳನ್ನೇ ಕತ್ತರಿಸಿದರು. ರಿಜಿಸ್ಟರು ಕಚೇರಿಯ ಖರ್ಚೂ ಓಡಾಟವೂ ಉಳಿದವು. ಹೀಗೆ ಹುಟ್ಟಿದ ಹನ್ನೊಂದು ತಿಂಗಳು ಈಗ ಪಂಚಾಂಗದ ಮಾತಿನಷ್ಟು ಗಟ್ಟಿಯಾಗಿದೆ.

ಕಾಯಿದೆ 1882ರದಾದರೂ ಮುಂಬಯಿ ಇಲಾಖೆಗೆ, ಅದರೊಳಗಿದ್ದ ನಮ್ಮ ಬೆಳಗಾವಿ ಜಿಲ್ಲೆಗೆ, ಅದು ಕಾಲಿಟ್ಟದ್ದು 1893ನೆಯ ಇಸವಿ ಜನವರಿ 1ರಂದು. ಬಂದ ಹೊಸದರಲ್ಲಿ ಹಳೆಯ ರೂಢಿಯೇ ನಡೆಯಿತು. ಬಾಡಿಗೆದಾರ ಒಬ್ಬನೇ 'ಇಷ್ಟು ಕೊಡುವೆನು, ಇಂಥಾದ್ದನ್ನು ಮಾಡೆನು, ಬಿಡು ಎಂದಾಗ ಬಿಡುವೆನು' ಎಂದು ಕಬುಲಾಯತಿ ಬರೆದುಕೊಡುತ್ತಿದ್ದ. ಮಾಲಕ ಏನೂ ಬರೆದುಕೊಡುತ್ತಿರಲಿಲ್ಲ. 1929ರ ತಿದ್ದುಪಡಿಯಿಂದ, ರಿಜಿಸ್ಟರಾಗುವ ಪತ್ರಕ್ಕೆ ಇಬ್ಬರ ಸಹಿಯೂ ಬೇಕೆಂದಾಯಿತು. ಕಾಯಿದೆ ಪುಸ್ತಕದಲ್ಲಿ ಒಂದೇ ಒಂದು ವಾಕ್ಯ. ಆದರೆ ಮಾಲಕನೂ ಏನನ್ನಾದರೂ ಒಪ್ಪಿಕೊಳ್ಳಬೇಕಾದವನೆಂಬ ಮಾತು ಕಾಗದದ ಮೇಲೆ ಬಂದದ್ದು ಆ ವಾಕ್ಯದಿಂದ.

ಹುಡುಗನಿಗೆ ನಾನು ಇನ್ನೂ ಕೆಲವು ಸಂಗತಿ ಹೇಳಿದೆ. ಮೂರು ವರ್ಷಕ್ಕೆಂದು ಬರೆದು ರಿಜಿಸ್ಟರು ಮಾಡದೆ ಬಿಟ್ಟರೆ ಆ ಮೂರು ವರ್ಷಕ್ಕೆ ಬೆಲೆಯಿಲ್ಲ. ತಿಂಗಳ ಬಾಡಿಗೆ ಕೊಟ್ಟು ಇದ್ದವನು ತಿಂಗಳ ಬಾಡಿಗೆದಾರನೇ ಆಗುತ್ತಾನೆ, 106ನೆಯ ಕಲಮಿನ ಪ್ರಕಾರ ಹದಿನೈದು ದಿನದ ನೋಟೀಸಿನಿಂದ ಅವನನ್ನು ಬಿಡಿಸಬಹುದು. ಹಿಂದೆ ಆ ನೋಟೀಸು ಬಾಡಿಗೆಯ ತಿಂಗಳು ಮುಗಿಯುವ ದಿನಕ್ಕೇ ಮುಗಿಯಬೇಕಾಗಿತ್ತು. ಒಂದು ದಿನ ಆಚೀಚೆಯಾಗಿ ಸೋತ ದಾವೆಗಳನ್ನು ನಾನೇ ಕಡತದಲ್ಲಿ ಕಟ್ಟಿಟ್ಟಿದ್ದೇನೆ. 2002ರ ತಿದ್ದುಪಡಿಯಿಂದ ಆ ಬಿಗಿ ಸಡಿಲಾಯಿತು. ಹನ್ನೊಂದು ತಿಂಗಳು ಮುಗಿದ ಮೇಲೂ ಮಾಲಕರು ಬಾಡಿಗೆ ಸ್ವೀಕರಿಸುತ್ತಿದ್ದರೆ 116ನೆಯ ಕಲಮಿನ ಮೇರೆಗೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಡಿಪಾಜಿಟ್ಟು ಎಷ್ಟಿರಬೇಕೆಂದು ಆ ಹಳೆಯ ಕಾಯಿದೆ ಹೇಳುವುದಿಲ್ಲ. ಕೇಂದ್ರ ಸರಕಾರ 2021ರಲ್ಲಿ ಒಪ್ಪಿದ ಮಾದರಿ ಕಾಯಿದೆಯಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಕೂಡದೆಂದಿದೆ. ಅದು ಮಾದರಿ ಮಾತ್ರ, ರಾಜ್ಯವೊಂದು ತನ್ನ ಕಾಯಿದೆಯಾಗಿ ಮಾಡಿಕೊಂಡರೆ ಮಾತ್ರ ಬಲ. ಮನೆ ಸೋರಿ, ದುರಸ್ತಿ ಮಾಡಬೇಕಾದ ಮಾಲಕರು ತಿಳಿಸಿದ ಮೇಲೂ ಮಾಡದಿದ್ದರೆ, ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವ ಹಕ್ಕನ್ನು 108ನೆಯ ಕಲಮು ಕೊಡುತ್ತದೆ. ಆದರೆ ಕರಾರಿನಲ್ಲಿ ಬೇರೆ ಬರೆದಿದ್ದರೆ ಬರೆದದ್ದೇ ಗೆಲ್ಲುತ್ತದೆ. ಆದುದರಿಂದ ದುರಸ್ತಿಯ ಮಾತನ್ನು ಬರೆಸಿಕೋ ಎಂದೆ. ಎಲ್ಲಕ್ಕಿಂತ ಮೊದಲು, ಕೊಟ್ಟ ಪ್ರತಿ ರೂಪಾಯಿಗೆ ಪಾವತಿ ತೆಗೆದುಕೋ ಎಂದೆ.

ಈ ಕೊನೆಯ ಮಾತು ನನ್ನದಲ್ಲ, ನಮ್ಮ ತಂದೆಯವರದು.

ನಮ್ಮ ತಂದೆ ಬೆಳಗಾವಿಯಲ್ಲಿ ಶಾಲಾ ಮಾಸ್ತರರಾಗಿದ್ದರು. ಪೇಟೆಯ ಗಲ್ಲಿಯೊಂದರಲ್ಲಿ ಹಳೆಯ ವಾಡೆಯ ಹಿಂಭಾಗದಲ್ಲಿ ನಮ್ಮ ಬಿಡಾರ. ತಿಂಗಳಿಗೆ 14 ರೂಪಾಯಿ ಬಾಡಿಗೆ. ಖಾನಾಪುರದ ಗದ್ದೆ ಅಜ್ಜನ ಕಾಲದ್ದು. ಹೀಗಾಗಿ ಪೇಟೆಯಲ್ಲಿ ನಾವು ಬಾಡಿಗೆದಾರರು, ಹದಿನಾರು ಮೈಲು ಆಚೆ ಮಾಲಕರು. ಬಸ್ಸು ಹತ್ತಿ ಇಳಿಯುವುದರೊಳಗೆ ತಂದೆಯವರ ಮುಖದ ಮೇಲಿನ ಭಾವವೂ ಬದಲಾಗುತ್ತಿತ್ತೆಂದು ತಾಯಿ ನಗುತ್ತಿದ್ದರು. ಈ ಮಾತಿನಲ್ಲಿ ನಗೆಗಿಂತ ಇತಿಹಾಸವೇ ಹೆಚ್ಚೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಯಾಕೆಂದರೆ, ನಾನು ಇದುವರೆಗೆ ಹೇಳಿದ 1882ರ ಕಾಯಿದೆ ಖಾನಾಪುರದ ಗದ್ದೆಯ ಅಂಚಿಗೇ ನಿಂತುಬಿಡುತ್ತದೆ. ಅದರ 117ನೆಯ ಕಲಮು, ಸಾಗುವಳಿಯ ಲಾವಣಿಗಳಿಗೆ ಈ ಅಧ್ಯಾಯ ಅನ್ವಯಿಸದೆಂದು ಹೇಳಿ ಕೈ ತೊಳೆದುಕೊಂಡಿದೆ. ಮನೆಗೆ ಒಂದು ನ್ಯಾಯ, ಹೊಲಕ್ಕೆ ಇನ್ನೊಂದು.

ನಮ್ಮ ಕಡೆ ಲಾವಣಿ ಎಂಬ ಮಾತಿಗೆ ಎರಡು ಅರ್ಥ. ಡಪ್ಪು ಬಾರಿಸಿ ಹಾಡುವುದೂ ಲಾವಣಿ; ಇಷ್ಟು ಭತ್ತ ಕೊಡುವೆನೆಂದು ಒಬ್ಬರ ಹೊಲವನ್ನು ಇನ್ನೊಬ್ಬರು ಉಳುವುದೂ ಲಾವಣಿ. ಖಾನಾಪುರದ ಮಣ್ಣಿಗೆ ಎರಡೂ ಗೊತ್ತು. ಬೀಡಿಯ ಕಚೇರಿಯನ್ನು ಸುಟ್ಟ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ಗಲ್ಲಿಗೇರಿಸಿದ ನಂದಗಡ ಇದೇ ತಾಲೂಕಿನದು. ಅವನ ಲಾವಣಿಗಳನ್ನು ಇಂದಿಗೂ ಹಾಡುತ್ತಾರೆ. ಇದೇ ತಾಲೂಕಿನ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ಸಿಕ್ಕವು. ಕಾಕುಸ್ಥವರ್ಮ ಯುವರಾಜನಾಗಿದ್ದಾಗ ಶ್ರುತಕೀರ್ತಿ ಎಂಬ ಸೇನಾಪತಿಗೆ ಹೊಲ ಕೊಟ್ಟದ್ದನ್ನು ಅವುಗಳಲ್ಲೊಂದು ಹೇಳುತ್ತದೆ. ಕೊಟ್ಟವರ ಹೆಸರು, ಪಡೆದವರ ಹೆಸರು, ಕಸಿದವರಿಗೆ ಶಾಪ, ಎಲ್ಲವೂ ತಾಮ್ರದಲ್ಲಿ ಉಳಿದಿವೆ. ಆ ಹೊಲವನ್ನು ಉಳುತ್ತಿದ್ದವನ ಹೆಸರು ಮಾತ್ರ ಇಲ್ಲ.

ಉಳುವವನ ಹೆಸರು ಕಾಗದಕ್ಕೆ ಬಂದದ್ದು ಬಹಳ ತಡವಾಗಿ. 1879ರ ಮುಂಬಯಿ ಭೂಕಂದಾಯ ಕಾಯಿದೆಯ 83ನೆಯ ಕಲಮು ಒಂದು ವಿಶೇಷ ಮಾತು ಹೇಳುತ್ತಿತ್ತು: ಲಾವಣಿ ಎಂದು ಸುರುವಾಯಿತೆಂಬುದು ಬಹಳ ಹಳೆಯದಾಗಿ, ಅದಕ್ಕೆ ಸಾಕ್ಷಿಯೇ ಸಿಗದಿದ್ದರೆ, ಮಾಲಕನ ಹಕ್ಕು ಇರುವತನಕ ಲಾವಣಿಯೂ ಇದೆಯೆಂದು ತಿಳಿಯಬೇಕು. ಮರೆವನ್ನು ಬಡವನ ಪಾಲಿಗೆ ಜಮೆ ಹಿಡಿದ ಕಲಮು ಇದು. ಕಾಯಿದೆ ಪುಸ್ತಕಗಳಲ್ಲಿ ಇಂಥ ಔದಾರ್ಯ ಅಪರೂಪ. ಆದರೆ ಜಾಣ ಮಾಲಕರು ಮರೆಯಲು ಬಿಡುತ್ತಿರಲಿಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸ ಕಬುಲಾಯತಿ ಬರೆಸುತ್ತಿದ್ದರು. ನಮ್ಮ ಅಜ್ಜ ಬರೆಸಿದವು ನನ್ನಲ್ಲಿವೆ. ಮೋಡಿ ಲಿಪಿ, ಮರಾಠಿ ಮಾತು, ಕೆಳಗೆ ಹೆಬ್ಬೆಟ್ಟಿನ ಗುರುತು. ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದ ಆ ಲಾವಣಿದಾರ ಯಾವುದಕ್ಕೆ ಹೆಬ್ಬೆಟ್ಟು ಒತ್ತಿದನೆಂಬುದು ಅವನಿಗೆ ತಿಳಿದಿರಲು ಸಾಧ್ಯವೇ ಇರಲಿಲ್ಲ. ಇಂದು ಓದಲು ಹೊರಟರೆ ನನಗೂ ತಿಳಿಯುವುದಿಲ್ಲ. ಮೋಡಿ ಬಲ್ಲ ಮುದುಕರೊಬ್ಬರ ಕಡೆ ಹೋಗಿ ಓದಿಸಿಕೊಳ್ಳಬೇಕಾಯಿತು.

1939ರಲ್ಲಿ ಮುಂಬಯಿ ಪ್ರಾಂತದ ಮೊದಲ ಕುಳ ಕಾಯಿದೆ ಬಂತು. 1948ರಲ್ಲಿ ಅದನ್ನು ರದ್ದುಮಾಡಿ ಇನ್ನೂ ಬಲವಾದದ್ದನ್ನು ತಂದರು. ಲಾವಣಿಯ ಅವಧಿ ಹತ್ತು ವರ್ಷಕ್ಕಿಂತ ಕಡಿಮೆ ಇರಕೂಡದು. ಮಾಲಕನ ಪಾಲು ಬೆಳೆಯ ಮೂರನೆಯ ಒಂದು ಭಾಗವನ್ನು, ನೀರಾವರಿಯಾದರೆ ನಾಲ್ಕನೆಯ ಒಂದು ಭಾಗವನ್ನು ಮೀರಕೂಡದು. ಅದರ 4ನೆಯ ಕಲಮು ಕಾಗದದ ಕಟ್ಟನ್ನೇ ಕಳಚಿಹಾಕಿತು. ಇನ್ನೊಬ್ಬರ ಹೊಲವನ್ನು ನ್ಯಾಯವಾಗಿ ಉಳುತ್ತಿರುವವನು, ಮಾಲಕನ ಮನೆಯವನಲ್ಲದಿದ್ದರೆ, ಕೂಲಿಯ ಆಳಲ್ಲದಿದ್ದರೆ, ಒತ್ತೆ ಹಿಡಿದವನಲ್ಲದಿದ್ದರೆ, ಅವನು ಲಾವಣಿದಾರನೇ ಸರಿ. 'ಕೂಲಿಯ ಆಳಲ್ಲದಿದ್ದರೆ' ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಆ ಸಂದಿಯಿಂದಲೇ ನಮ್ಮ ಮನೆಯ ಕತೆ ಒಳಗೆ ಬರುತ್ತದೆ.

ಈ ಕಾಯಿದೆಗೆ ಮುಂದೆ ಆದ ತಿದ್ದುಪಡಿಯಂತೆ 1957ನೆಯ ಇಸವಿ ಏಪ್ರಿಲ್ 1 'ಉಳುವವನ ದಿನ'. ಕೆಲವು ಅಪವಾದಗಳನ್ನು ಬಿಟ್ಟರೆ, ಆ ದಿನ ಬೆಳಗಾದಾಗ ಲಾವಣಿದಾರ ತಾನು ಉಳುವ ಹೊಲವನ್ನು ಕೊಂಡವನೆಂದೇ ಗಣಿಸಲ್ಪಡುತ್ತಿದ್ದ. ಬೆಲೆಯನ್ನು ಮಂಡಳಿ ಗೊತ್ತುಮಾಡಿದ ಮೇಲೆ ಕಂತುಗಳಲ್ಲಿ ತೀರಿಸಬಹುದಾಗಿತ್ತು. ಆದರೆ ಅಷ್ಟರೊಳಗೆ 1956ನೆಯ ಇಸವಿ ನವೆಂಬರ್ 1 ಬಂತು. ರಾಜ್ಯಗಳ ಪುನಾರಚನೆಯಾಗಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಚಂದಗಡ ತಾಲೂಕೊಂದನ್ನು ಬಿಟ್ಟು. ಚಂದಗಡ ಮುಂಬಯಿಯಲ್ಲೇ ಉಳಿದು ಕೊಲ್ಹಾಪುರ ಜಿಲ್ಲೆಯ ಪಾಲಾಯಿತು.

ಅಂದು ಬೆಳಗಾವಿಯಲ್ಲಿ ಜನ ಮಾತಾಡಿದ್ದು ಭಾಷೆಯ ವಿಷಯ, ಇಂದಿಗೂ ಮಾತಾಡುವುದು ಅದನ್ನೇ. ಹೊಲದ ವಿಷಯ ಮಾತಾಡಿದವರು ಕಡಿಮೆ. ಪುನಾರಚನೆಯ ಕಾಯಿದೆಯ 119ನೆಯ ಕಲಮಿನಂತೆ, ಬದಲಾಯಿಸುವತನಕ ಹಳೆಯ ಕಾಯಿದೆಗಳೇ ನಡೆಯಬೇಕಾಗಿತ್ತು. ಆ ಲೆಕ್ಕದಲ್ಲಿ ಮುಂಬಯಿಯ ಕುಳ ಕಾಯಿದೆ ಖಾನಾಪುರದಲ್ಲೂ ಜೀವಂತವಾಗಿತ್ತು. ಆದರೆ ಹೊಸ ರಾಜ್ಯದಲ್ಲಿ ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಐದು ಕಡೆಯ ಕಾಯಿದೆಗಳು ಕೂಡಿದ್ದವು. ಎಲ್ಲಕ್ಕೂ ಒಂದೇ ಕಾಯಿದೆ ಮಾಡೋಣವೆಂದು ಮುಂದೆ ಮುಖ್ಯಮಂತ್ರಿಯೂ ಉಪರಾಷ್ಟ್ರಪತಿಯೂ ಆದ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಅದಾಗುವತನಕ ಇರಲೆಂದು, ಹೊಲವನ್ನು ಲಾವಣಿದಾರನಿಗೆ ದಾಟಿಸುವ ಮುಂಬಯಿಯ ಕಲಮುಗಳನ್ನು ಮೈಸೂರು ಸರಕಾರ 1957ರಲ್ಲಿ ತಡೆಹಿಡಿಯಿತು. ಜತ್ತಿ ಸಮಿತಿಯ ವರದಿಯ ಮೇಲೆ ಎದ್ದ ಭೂಸುಧಾರಣೆ ಕಾಯಿದೆ ಜಾರಿಗೆ ಬಂದದ್ದು 1965ನೆಯ ಇಸವಿ ಅಕ್ಟೋಬರ್ 2ರಂದು. ಅದಕ್ಕೆ ಹಲ್ಲು ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು. ಐದು ತಿಂಗಳ ಅಂತರದಲ್ಲಿ ತಪ್ಪಿದ್ದು ಕೈಗೆ ಬರಲು ಹದಿನೇಳು ವರ್ಷ ಹಿಡಿಯಿತು.

ನಮ್ಮ ಲಾವಣಿದಾರರ ತಂಗಿಯನ್ನು ಚಂದಗಡದ ಕಡೆಯ ಹಳ್ಳಿಗೆ ಕೊಟ್ಟಿತ್ತು. ಆಕೆಯ ಗಂಡನೂ ಲಾವಣಿಯವನೇ. 1957ರ ಬೇಸಿಗೆಯಲ್ಲಿ ತಂಗಿ ತವರಿಗೆ ಬಂದಾಗ ತನ್ನ ಗಂಡ ಹೊಲದ ಮಾಲಕನಾದ ಸುದ್ದಿ ತಂದಳು. ಅದೇ ಮಳೆ, ಅದೇ ಭತ್ತ, ನಡುವೆ ಒಂದು ಗುಡ್ಡ. ಸುಗ್ಗಿಯಲ್ಲಿ ನಮ್ಮ ಪಾಲಿನ ಭತ್ತ ಹೇರಿಕೊಂಡು ಬೆಳಗಾವಿಗೆ ಬಂದವರು ಕಟ್ಟೆಯ ಮೇಲೆ ಕೂತು, "ಮಾಸ್ತರ, ಆ ಕಡೆ ಎಲ್ಲಾ ಆತಂತ. ನಮ್ಮ ಪಾಳಿ ಯಾವಾಗ ಬರ್ತೈತ್ರಿ?" ಎಂದು ಕೇಳಿದರಂತೆ. ಇದನ್ನು ನನಗೆ ಹೇಳಿದವರು ತಾಯಿ, ನಾನಾಗ ಕೂಸು.

ತಂದೆಯವರು ಆಗ ಉತ್ತರ ಕೊಡಲಿಲ್ಲ. ಹತ್ತು ದಿನದ ಮೇಲೆ ಖಾನಾಪುರಕ್ಕೆ ಹೋಗಿ, ಸ್ಟಾಂಪು ಕಾಗದದ ಮೇಲೆ ಬರೆಸಿಕೊಂಡು ಬಂದರು. 'ಈ ಗದ್ದೆಯಲ್ಲಿ ನಾನು ಕೂಲಿಯ ಆಳಾಗಿ ದುಡಿಯುವವನು, ನನಗೆ ಲಾವಣಿಯ ಹಕ್ಕು ಇಲ್ಲ' ಎಂದು. ಕೆಳಗೆ ಹೆಬ್ಬೆಟ್ಟು. ಇಂಥ ಕಾಗದ ನಮ್ಮ ಮನೆಯೊಂದರಲ್ಲೇ ಆಗಲಿಲ್ಲ. ಆ ವರ್ಷಗಳಲ್ಲಿ ಕೂಲಿಯ ಕಾಗದ, ಸ್ವಖುಷಿಯ ರಾಜೀನಾಮೆ ಬರೆಸಿದ ಮಾಲಕರು ಎಷ್ಟೋ ಮಂದಿ. ಆದರೆ ಹಾಗೆಂದು ನಮ್ಮ ಕಾಗದ ಹಗುರಾಗುವುದಿಲ್ಲ. ತಂದೆ ಕೆಟ್ಟವರಾಗಿರಲಿಲ್ಲ. ಮೂವರು ಹೆಣ್ಣುಮಕ್ಕಳಿದ್ದ ಮಾಸ್ತರರಿಗೆ ಆ ಭತ್ತ ವರ್ಷದ ಅರ್ಧ ಊಟವಾಗಿತ್ತು. ಅಂಜಿದವನು ಮಾಡುವ ಕೆಲಸವನ್ನು ಅವರೂ ಮಾಡಿದರು.

ಇತ್ತ ಪೇಟೆಯಲ್ಲಿ ಇದೇ ತಂದೆಯವರನ್ನು ಸರಕಾರ ಕೈಹಿಡಿದು ಕಾಯುತ್ತಿತ್ತು. ಮುಂಬಯಿಯ 1947ರ ಬಾಡಿಗೆ ಕಾಯಿದೆಯಂತೆ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಅಳತೆಗೋಲು. ಅದನ್ನು ಕೊಡಲು ತಯಾರಿದ್ದವನನ್ನು ಕಾಯಿದೆ ಹೇಳಿದ ಕಾರಣಗಳಿಲ್ಲದೆ ಹೊರಗೆ ಹಾಕುವಂತಿರಲಿಲ್ಲ. ಪಗಡಿ ತೆಗೆದುಕೊಂಡರೆ ಶಿಕ್ಷೆ. ಆಗಿನ ಬೆಳಗಾವಿಯ ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಪೇಟೆಗೆ ಅಂಟಿಕೊಂಡೇ ಇರುವ ಶಹಾಪುರ ಸಾಂಗಲಿ ಸಂಸ್ಥಾನದ್ದಾಗಿತ್ತು. 1948ರ ಮಾರ್ಚ್ 8ರಂದು ಸಂಸ್ಥಾನ ವಿಲೀನವಾಗುವವರೆಗೆ ಅಲ್ಲಿಯ ಬಾಡಿಗೆದಾರ ಮುಂಬಯಿಯ ಕಾಯಿದೆಯನ್ನು ಕೂಗಳತೆಯಲ್ಲಿ ಕಾಣಬಹುದಾಗಿತ್ತು, ಮುಟ್ಟುವಂತಿರಲಿಲ್ಲ. ಇನ್ನು ಜನ ಕ್ಯಾಂಪು ಎನ್ನುವ ದಂಡಿನ ಪ್ರದೇಶದ ರೀತಿಯೇ ಬೇರೆ. ಅಲ್ಲಿಯ ಹಳೆಯ ಬಂಗಲೆಗಳಲ್ಲಿ ನೆಲ ಸರಕಾರದ್ದು, ಕಟ್ಟಡ ಮಾತ್ರ ಮಾಲಕನದು. ದಂಡಿನ ಅಧಿಕಾರಿಗಳಿಗೆ ಬೇಕಾದರೆ ಮಾಲಕ ಬಂಗಲೆಯನ್ನು ಸರಕಾರಕ್ಕೆ ಬಾಡಿಗೆಗೆ ಕೊಡಲೇಬೇಕೆಂಬ ಕಾಯಿದೆ 1923ರದು. ದಂಡಿನ ಪ್ರದೇಶದ ಮನೆಬಾಡಿಗೆಯ ವಿಷಯ ಕೇಂದ್ರಕ್ಕೆ ಸೇರಿದ್ದು, ರಾಜ್ಯದ ಶಾಸನ ಅಲ್ಲಿ ತಾನಾಗಿ ನಡೆಯದು ಎಂದು ಸುಪ್ರೀಂ ಕೋರ್ಟು 1969ರಲ್ಲಿ ಬಂಗಾಳದ ಬ್ಯಾರಕಪುರದ ಮೊಕದ್ದಮೆಯಲ್ಲಿ ಹೇಳಿತು. ಒಂದೇ ಊರು, ಮೂರು ನ್ಯಾಯ.

1961ರ ಡಿಸೆಂಬರ್ ಕೊನೆಗೆ ಮೈಸೂರಿನ ಬಾಡಿಗೆ ನಿಯಂತ್ರಣ ಕಾಯಿದೆ ಬಂದು ಮುಂಬಯಿಯದರ ಜಾಗದಲ್ಲಿ ಕೂತಿತು. ನಮ್ಮ 14 ರೂಪಾಯಿ ಬಹಳ ವರ್ಷ ಅಲುಗಲಿಲ್ಲ. ನಮಗೆ ಅದು ಪುಣ್ಯವಾಗಿತ್ತು. ವಾಡೆಯ ಮಾಲಕಿಗೆ ಏನಾಗಿತ್ತು? ಆಕೆ ವಿಧವೆ, ನಾವೆಲ್ಲ ಮಾವಶಿ ಎನ್ನುತ್ತಿದ್ದೆವು. ಐದು ಬಿಡಾರದ ಬಾಡಿಗೆಯಲ್ಲಿ ಆಕೆಯ ಮನೆ ನಡೆಯಬೇಕು. ಮಳೆಗಾಲಕ್ಕೆ ಹಂಚು ಹೊದಿಸಲು ಆಕೆಯಲ್ಲಿ ಹಣವಿರುತ್ತಿರಲಿಲ್ಲ. ಹೊದಿಸಲಿಲ್ಲವೆಂದು ನಾವು ಗೊಣಗುತ್ತಿದ್ದೆವು. ಮಗನ ಮದುವೆಯಾದಾಗ ನಮ್ಮ ಕೋಣೆಗಳು ಬೇಕೆಂದು ಆಕೆ ದಾವೆ ಹಾಕಿದಳು. ಸ್ವಂತಕ್ಕೆ ಬೇಕೆಂದರೆ ಬಿಡಿಸಬಹುದು, ಆದರೆ ಬಿಡಿಸಿದರೆ ಯಾರಿಗೆ ಹೆಚ್ಚು ತೊಂದರೆಯೆಂಬುದನ್ನು ಕೋರ್ಟು ತೂಗಬೇಕು, ಒಂದು ಭಾಗವನ್ನಷ್ಟೇ ಬಿಡಿಸಿ ಕೆಲಸವಾಗುವುದಿದ್ದರೆ ಹಾಗೆ ಮಾಡಬೇಕು ಎಂದು 21ನೆಯ ಕಲಮು ಹೇಳುತ್ತಿತ್ತು. ಕಡೆಗೆ ಮುಂದಿನ ಕೋಣೆ ಅವರಿಗೆ, ಹಿಂದಿನವು ನಮಗೆ ಎಂದು ರಾಜಿಯಾಯಿತು. ಹೊಸ ಸೊಸೆಯ ಬಳೆಯ ಸಪ್ಪಳ ನಡುವಿನ ಹಲಗೆಗೋಡೆಯಿಂದ ಕೇಳಿಸುತ್ತಿತ್ತು. ಎರಡು ವರ್ಷ ಎರಡು ಮನೆಯವರೂ ಮಾತಾಡಲಿಲ್ಲ. ಬಾಡಿಗೆದಾರ ಬಡವ, ಮಾಲಕ ಸಾಹುಕಾರ ಎಂಬ ಲೆಕ್ಕದಲ್ಲಿ ಕಾಯಿದೆ ಬರೆದವರಿಗೆ ಮಾವಶಿಯ ಮನೆ ಕಂಡಿರಲಿಲ್ಲ.

ಆದರೆ ಒಂದು ವಿಷಯದಲ್ಲಿ ತಂದೆಯವರು ಕಟ್ಟುನಿಟ್ಟು. ಪಾವತಿ ಇಲ್ಲದೆ ಬಾಡಿಗೆ ಕೊಡುತ್ತಿರಲಿಲ್ಲ. ದಾವೆ ನಡೆದ ತಿಂಗಳುಗಳಲ್ಲೂ ಮಾವಶಿಯ ಬಾಗಿಲಲ್ಲಿ ನಿಂತು ಪಾವತಿ ಬರೆಸಿಕೊಂಡೇ ಬರುತ್ತಿದ್ದರು. ಆ ಚಟ ಹೇಗೆ ತಿರುಗಿ ಬಂತೆಂಬುದನ್ನು ಈಗ ಹೇಳಬಹುದು.

1974ರ ತಿದ್ದುಪಡಿಯಿಂದ, ಲಾವಣಿಯಲ್ಲಿದ್ದ ಹೊಲಗಳೆಲ್ಲ ಸರಕಾರಕ್ಕೆ ಸೇರಿದವು. ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ತಾಲೂಕಿಗೊಂದು ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಶನರರು ಅಧ್ಯಕ್ಷರು, ಜೊತೆಗೆ ಸರಕಾರ ನೇಮಿಸಿದ ಸದಸ್ಯರು. ಅರ್ಜಿಯ ಗಡುವನ್ನು ಬೆಳೆಸುತ್ತ ಬೆಳೆಸುತ್ತ 1979ರ ಜೂನ್ 30ರವರೆಗೆ ಒಯ್ದರು. ಮಂಡಳಿಯ ಮುಂದೆ ವಕೀಲರು ನಿಲ್ಲಕೂಡದೆಂದು ಕಾಯಿದೆ ಹೇಳಿತ್ತು. ಆ ನಿಷೇಧವನ್ನು ಸುಪ್ರೀಂ ಕೋರ್ಟು 1987ರಲ್ಲಿ ತೆಗೆದುಹಾಕಿತು; ಅಷ್ಟರಲ್ಲಿ ನಮ್ಮ ತೀರ್ಪಾಗಿ ಹತ್ತು ವರ್ಷವಾಗಿತ್ತು.

1977ರಲ್ಲಿ ತಂದೆಯವರ ಜೊತೆ ಖಾನಾಪುರಕ್ಕೆ ನಾನೂ ಹೋಗಿದ್ದೆ. ಅಂಗಳದಲ್ಲಿ ಜನವೋ ಜನ. ಮಾಲಕರೆಲ್ಲ ಒಂದು ಕಡೆ, ಲಾವಣಿದಾರರೆಲ್ಲ ಇನ್ನೊಂದು ಕಡೆ ನಿಂತಿರಬಹುದೆಂದು ನಾನು ತಿಳಿದಿದ್ದೆ, ಹಾಗಿರಲಿಲ್ಲ. ಒಬ್ಬರ ಚೀಲದಿಂದ ಒಬ್ಬರು ಎಲೆ ಅಡಿಕೆ ತೆಗೆದುಕೊಂಡು ಹಾಕಿಕೊಳ್ಳುತ್ತಿದ್ದರು. ನಮ್ಮ ಹೆಸರು ಕೂಗಿದಾಗ ತಂದೆಯವರು 1957ರ ಸ್ಟಾಂಪು ಕಾಗದವನ್ನು ಮೇಜಿನ ಮೇಲಿಟ್ಟರು. ಲಾವಣಿದಾರರು ಹೆಗಲ ಮೇಲಿನ ವಸ್ತ್ರದ ಗಂಟು ಬಿಚ್ಚಿದರು. ಒಳಗೆ ಎಣ್ಣೆಕಾಗದ, ಅದರೊಳಗೆ ಶಾಲೆಯ ನೋಟುಬುಕ್ಕಿನಿಂದ ಹರಿದ ಚೀಟಿಗಳು. ಪ್ರತಿ ಸುಗ್ಗಿಗೆ ಒಂದು. 'ಲಾವಣಿ ಬಾಬ್ತು ಭತ್ತ ಇಷ್ಟು ಚೀಲ ಮುಟ್ಟಿತು' ಎಂದು ತಾರೀಖು ಸಹಿತ, ಸಹಿ ಸಹಿತ. ಕೂಲಿಯ ಕಾಗದ ಬರೆಸಿದ ವರ್ಷದ ಚೀಟಿಯೂ ಅದರಲ್ಲಿತ್ತು. ಓದು ಬಾರದ ಮನುಷ್ಯ ಒಂದು ಚೀಟಿಯನ್ನೂ ಕಳೆದಿರಲಿಲ್ಲ.

"ಮಾಸ್ತರರೇ, ಈ ಅಕ್ಷರ ತಮ್ಮದೇ ಏನು?" ಎಂದು ಅಧ್ಯಕ್ಷರು ಕೇಳಿದರು.

ತಂದೆಯವರು ಒಂದೊಂದೇ ಚೀಟಿಯನ್ನು ತಿರುವಿ ನೋಡಿದರು. ಅಲ್ಲವೆನ್ನಬಹುದಾಗಿತ್ತು, ಅಕ್ಷರ ಗುರುತಿಸಲು ಅಲ್ಲಿ ಬೇರೆ ಯಾರಿದ್ದರು? "ಹೌದು" ಎಂದರು. ಉತಾರದ 12ನೆಯ ಅಂಕಣದಲ್ಲಿ, ಸಾಗುವಳಿ ಮಾಡುವವರ ಹೆಸರಿನ ಜಾಗದಲ್ಲಿ, ಹಲವು ವರ್ಷ ಅವರ ಹೆಸರೂ ಇತ್ತು. ಮಂಡಳಿಗೆ ಇನ್ನೇನೂ ಬೇಕಾಗಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಸಿಟ್ಟಿನಿಂದ, ಕೂಲಿಯ ಕಾಗದ ಬರೆಸಿದ ಮೇಲೆ ಚೀಟಿ ಯಾಕೆ ಕೊಟ್ಟಿರಿ ಎಂದು ಕೇಳಿದೆ. ಅವರು ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತಿದ್ದು, "ಪಾವತಿ ಕೊಡದ ಮಾಲಕರನ್ನ ಜನ್ಮ ಪೂರ್ತಿ ಬೈದೀನಿ. ಅಂವ ಭತ್ತ ತಂದು ನಿಂತಾಗ ಕೊಡದ ಹ್ಯಾಂಗ ಇರ್ಲೋ?" ಎಂದರು. ಆ ಕಾಗದದ ಬಗ್ಗೆ ಆಮೇಲೆ ಅವರು ಮಾತಾಡಿದ್ದು ನನಗೆ ನೆನಪಿಲ್ಲ. ಮುಂದಿನ ಸುಗ್ಗಿಗೆ ಅವರ ಮನೆಯಿಂದ ಹೊಸ ಅಕ್ಕಿಯ ಒಂದು ಸಣ್ಣ ಚೀಲ ಬಂತು. ತಂದೆಯವರು ಅದಕ್ಕೂ ಚೀಟಿ ಬರೆಯಲು ಹೊರಟರು. ತಾಯಿ ಕೈಹಿಡಿದು ತಡೆದರು.

ಆ 1961ರ ಬಾಡಿಗೆ ಕಾಯಿದೆಯ ಜಾಗದಲ್ಲಿ 2001ರ ಡಿಸೆಂಬರ್ 31ರಿಂದ ಕರ್ನಾಟಕದ ಹೊಸ ಬಾಡಿಗೆ ಕಾಯಿದೆ ನಡೆಯುತ್ತಿದೆ. ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3500 ರೂಪಾಯಿ, ಉಳಿದ ಕಡೆ 2000 ರೂಪಾಯಿ ದಾಟಿದರೆ ಅದರ ಆಸರೆ ಸಿಗದು. ಇಂದಿನ ಬೆಳಗಾವಿಯಲ್ಲಿ ಎರಡು ಕೋಣೆಯ ಮನೆ ಆ ದರಕ್ಕೆ ಎಲ್ಲಿ? ಹೀಗಾಗಿ ಬಹುಮಂದಿ ಬಾಡಿಗೆದಾರರು ತಿರುಗಿ 1882ಕ್ಕೇ, ಹದಿನೈದು ದಿನದ ನೋಟೀಸಿಗೇ ಬಂದು ನಿಂತಿದ್ದಾರೆ. ಮಾವಶಿಯ ಕಾಲದ ಅನ್ಯಾಯ ಹೋಯಿತು, ತಂದೆಯವರ ಕಾಲದ ನಿಶ್ಚಿಂತೆಯೂ ಹೋಯಿತು.

ಹೊಲದ ಮಾತು ಇನ್ನೂ ಬಿಗಿ. 1974ರಿಂದ ಈಚೆಗೆ ಹೊಲವನ್ನು ಲಾವಣಿಗೆ ಕೊಡುವುದೇ ನಿಷಿದ್ಧ. ಸೈನಿಕರು, ನಾವಿಕರು ಮೊದಲಾದ ಕೆಲವರಿಗಷ್ಟೇ ವಿನಾಯಿತಿ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದ ಸೈನಿಕನ ಈ ಸವಲತ್ತು ನಮ್ಮ ಸುತ್ತಲಿನ ಹಳ್ಳಿಗಳಿಗೆ ಹೊಸದಲ್ಲ. ಉಳಿದವರು ಕೊಡುವುದನ್ನು ಬಿಟ್ಟಿಲ್ಲ, ಕಾಗದ ಮಾಡುವುದನ್ನು ಬಿಟ್ಟಿದ್ದಾರೆ. ಲಾವಣಿಯನ್ನು ಕಾಯಿದೆಯೊಳಗೆ ತರಲು ನೀತಿ ಆಯೋಗ 2016ರಲ್ಲಿ ಒಂದು ಮಾದರಿ ಕಾಯಿದೆಯನ್ನು ಮುಂದಿಟ್ಟಿತು. ಸದ್ಯಕ್ಕೆ ಬಾಯಿಮಾತಿನ ಮೇಲೆ ಉಳುವವನ ಹೆಸರು ಉತಾರದಲ್ಲಿಲ್ಲ. ಬೆಳೆಸಾಲಕ್ಕೆ ಹೋದರೆ ಅವನಲ್ಲಿ ತೋರಿಸಲು ಏನೂ ಇಲ್ಲ. ಅತಿವೃಷ್ಟಿಯ ಪರಿಹಾರ ಬಂದರೆ ಮಾಲಕನ ಖಾತೆಗೆ.

ನಾನು ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೂ ಹುಡುಗ ಏಳಲಿಲ್ಲ. ಅವನು ಬೆಳಗಾವಿಯ ಕಾರಖಾನೆಯೊಂದರಲ್ಲಿ ನೌಕರಿಗಿದ್ದಾನೆ. ಗದ್ದೆ ನೋಡಿಕೊಳ್ಳುವವರಿಲ್ಲ; ಎರಡು ವರ್ಷದಿಂದ ಊರಿನ ಒಬ್ಬನಿಗೆ ಅರ್ಧ ಪಾಲಿಗೆ ಕೊಟ್ಟಿದ್ದಾನಂತೆ.

"ಅಂವನ ಕಡೆಯಿಂದ ಒಂದ ಕಾಗದ ಬರಸ್ಕೊಳ್ಲೇನ್ರಿ ಕಾಕಾ?"

"ಏನಂತ?"

"ಕೂಲಿ ಆಳಂತ. ನಾಳೆ ಗದ್ದಿ ನಂದ ಅಂದ್ರ?"

ನಾನು ಎದ್ದು ಟ್ರಂಕಿನಿಂದ 1957ರ ಆ ಕಾಗದವನ್ನು ತೆಗೆದು ಅವನ ಕೈಗೆ ಕೊಟ್ಟೆ. ಓದಿದ. ಕೆಳಗಿನ ಹೆಬ್ಬೆಟ್ಟು ಯಾರದೆಂದು ಕೇಳಿದ. ಹೇಳಿದೆ. ಶಾಯಿ ಕಂದು ಬಣ್ಣಕ್ಕೆ ತಿರುಗಿದ್ದರೂ ಗೆರೆಗಳು ಇನ್ನೂ ಎಣಿಸುವಂತಿವೆ. ಅವನು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಮಡಿಕೆ ಕೆಡದಂತೆ ಮಡಿಚಿ ನನಗೆ ಹಿಂದಿರುಗಿಸಿದ. ಆಮೇಲೆ ತನ್ನ ಬಾಡಿಗೆಯ ಕರಾರನ್ನು ಮುಂದಿಟ್ಟುಕೊಂಡು, ದುರಸ್ತಿಯ ಮಾತನ್ನು ಎಷ್ಟನೆಯ ಸಾಲಿನಲ್ಲಿ ಸೇರಿಸಬೇಕೆಂದು ಕೇಳಿದ.